ಒಂದು ಗುರುವಾರದ ಗೊತ್ತುವಳಿ

ಗದಗಿನಿಂದ ಮುಳಗುಂದ ದಾಟಿ ಲಕ್ಷ್ಮೇಶ್ವರಕ್ಕೆ ಹೋಗಿ, ಅಲ್ಲಿಂದ ಶಿರಹಟ್ಟಿ, ಮುಂಡರಗಿ ಮುಗಿಸಿಕೊಂಡು ಸಂಜೆಗೆ ಮತ್ತೆ ಗದಗ ಸೇರುವುದು ಇವತ್ತು ಬಸ್ಸಿನಲ್ಲಿ ಒಂದೇ ದಿನದ ಕೆಲಸ. 1940ರ ಸುಮಾರಿಗೆ ಇದೇ ಸುತ್ತು ಹೊಡೆದವನು ಮೂರು ದೊರೆತನಗಳ ಗಡಿ ದಾಟುತ್ತಿದ್ದ. ಗದಗ-ಬೆಟಗೇರಿ ಬ್ರಿಟಿಷರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯದು. ಲಕ್ಷ್ಮೇಶ್ವರ ಮಿರಜದ ಪಟವರ್ಧನರದು. ಶಿರಹಟ್ಟಿಯೂ ಪಟವರ್ಧನರದೇ, ಆದರೆ ಸಾಂಗಲಿ ಮನೆತನದವರದು. ಮುಂಡರಗಿಗೆ ಬಂದರೆ ಮತ್ತೆ ಬ್ರಿಟಿಷ್ ನೆಲ. ಅಲ್ಲಿಂದ ತುಂಗಭದ್ರೆ ದಾಟಿ ಹಡಗಲಿ ಕಡೆ ಕಾಲಿಟ್ಟರೆ ಮದರಾಸು ಪ್ರಾಂತ, ಮೂಡಣಕ್ಕೆ ತಿರುಗಿ ಕೊಪ್ಪಳ ಮುಟ್ಟಿದರೆ ನಿಜಾಮನ ಸೀಮೆ. ಎಲ್ಲ ಕಡೆ ಮಾತು ಒಂದೇ, ಜೋಳದ ರೊಟ್ಟಿ ಒಂದೇ. ಕಂದಾಯ ಕಟ್ಟುವ ಕಚೇರಿ ಮಾತ್ರ ಬೇರೆ ಬೇರೆ.

ಈ ಗಡಿಗಳು ಬರೀ ನಕಾಶೆಯ ಗೆರೆಗಳಾಗಿರಲಿಲ್ಲ. 1858ರಲ್ಲಿ ಕಂಪನಿ ಸರಕಾರದ ಮೇಲೆ ತಿರುಗಿಬಿದ್ದ ಮುಂಡರಗಿಯ ಭೀಮರಾಯರು ಕೊನೆಗೆ ಹೊಕ್ಕಿದ್ದು ಕೊಪ್ಪಳದ ಕೋಟೆಯನ್ನು, ಅಂದರೆ ನಿಜಾಮನ ನೆಲವನ್ನು. ಪಾಪ, ಗಡಿ ಅವರನ್ನು ಕಾಯಲಿಲ್ಲ. ಅವರು ಅಲ್ಲಿಯೇ ಹೋರಾಡಿ ಮಡಿದರು. ಆಳುವವರಿಗೆ ಬೇಕಾದಾಗ ತೆರೆದುಕೊಳ್ಳುವ ಗಡಿ, ಊರಿನ ರೈತನಿಗೆ ಮಾತ್ರ ಮುಂದೆ ತೊಂಬತ್ತು ವರ್ಷ ಹಾಗೇ ಉಳಿಯಿತು.

ಇದರಲ್ಲಿ ಒಂದು ವಿಪರ್ಯಾಸವೂ ಇದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಯಾವ ಸೀಮೆಯಲ್ಲಿದೆ ಎಂದು ಗುರುತು ಹೇಳುವಾಗ ನಾಲ್ಕು ಊರುಗಳ ಹೆಸರು ಹೇಳುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಪುಲಿಗೆರೆ ಎಂದರೆ ನಮ್ಮ ಲಕ್ಷ್ಮೇಶ್ವರ. ಸೋಮೇಶ್ವರನ ಗುಡಿ, ಶಂಖ ಬಸದಿ, ದೂದಪೀರರ ದರ್ಗಾ ಮೂರನ್ನೂ ಒಡಲಲ್ಲಿಟ್ಟುಕೊಂಡ ಊರು ಅದು. ಸಾವಿರ ವರ್ಷಗಳ ಹಿಂದೆ ಕನ್ನಡದ ನಡುಮನೆ ಎನಿಸಿಕೊಂಡಿದ್ದ ಆ ಊರಿನ ದರ್ಬಾರಿ ಕಾಗದ ಸ್ವಾತಂತ್ರ್ಯ ಬರುವವರೆಗೂ ಕೃಷ್ಣಾ ತೀರದ ಮಿರಜದ ಕಡೆ ಮರಾಠಿಯಲ್ಲಿ ಓಡಾಡುತ್ತಿತ್ತು.

1972ರ ಜುಲೈ 27ರ ಗುರುವಾರ ಬೆಂಗಳೂರಿನ ವಿಧಾನಸೌಧದಲ್ಲಿ ಮೈಸೂರು ರಾಜ್ಯದ ವಿಧಾನಸಭೆ ಒಂದು ಗೊತ್ತುವಳಿ ಒಪ್ಪಿತು. ರಾಜ್ಯದ ಹೆಸರು ಇನ್ನು ಮೇಲೆ ಕರ್ನಾಟಕ ಆಗಬೇಕೆಂಬುದು ಅದರ ಸಾರ. ಹಳೆ ಮೈಸೂರಿನವರ ಪಾಲಿಗೆ ಅದು ಹೆಸರಿನ ಬದಲಾವಣೆ. ಗದಗ ಸೀಮೆಯವರ ಪಾಲಿಗೆ ಅದು ಬೇರೆಯೇ. ಮುಂಬಯಿಯವರು, ಮಿರಜದವರು, ಸಾಂಗಲಿಯವರು ಎಂದು ಕರೆಸಿಕೊಂಡವರು, 1956ರಲ್ಲಿ ಕನ್ನಡ ಸೀಮೆಗಳು ಒಂದಾದ ಮೇಲೂ ಹದಿನಾರು ವರ್ಷ ‘ಮೈಸೂರಿನವರು’ ಎಂದು ಕರೆಸಿಕೊಂಡಿದ್ದರು. ಅದೂ ಅವರಿಗೆ ಇನ್ನೊಬ್ಬರ ಹೆಸರೇ. ಮೈಸೂರಿನ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಆದರೆ ಮೈಸೂರು ಅವರ ಊರಾಗಿರಲಿಲ್ಲ, ಅಷ್ಟೆ.

ಆ ಗುರುವಾರದ ಕಥೆ ಬೆಂಗಳೂರಿನಲ್ಲಿ ಶುರುವಾಗುವುದಿಲ್ಲ. ಮುಂಬಯಿಯಲ್ಲಿ ಶುರುವಾಗುತ್ತದೆ. ಅಲ್ಲಿನ ಶಾಸನಸಭೆ ಸೇರುತ್ತಿದ್ದದ್ದು ಅಪೋಲೊ ಬಂದರಿನ ಹತ್ತಿರ, ಒಂದು ಕಾಲಕ್ಕೆ ಹಡಗಿನ ನಾವಿಕರು ತಂಗಲೆಂದು ಕಟ್ಟಿಸಿದ್ದ ಕಟ್ಟಡದಲ್ಲಿ. 1935ರ ಕಾಯಿದೆಯಂತೆ 1937ರಲ್ಲಿ ಚುನಾವಣೆಯಾಗಿ 175 ಸದಸ್ಯರ ಸಭೆ ಕೂಡಿತು, ಗ. ವಾ. ಮಾವಳಂಕರರು ಸಭಾಪತಿಯಾದರು, ಬಾಳಾಸಾಹೇಬ ಖೇರರು ಪ್ರಧಾನಿಯಾದರು. ಆಗ ಪ್ರಾಂತದ ಮುಖ್ಯಮಂತ್ರಿಯನ್ನು ಹಾಗೆಯೇ ಕರೆಯುತ್ತಿದ್ದರು. ಆಸ್ತಿ, ತೆರಿಗೆ ಇಲ್ಲವೇ ಓದು ಇದ್ದವರಿಗೆ ಮಾತ್ರ ಮತದ ಹಕ್ಕು. ಸಭೆಯ ಕಲಾಪ ಇಂಗ್ಲಿಷಿನಲ್ಲಿ. ಇಂಗ್ಲಿಷು ಬಾರದವರು ಬೇರೆ ಭಾಷೆಯಲ್ಲಿ ಮಾತಾಡಬಹುದು ಎಂಬ ರಿಯಾಯಿತಿಯಿತ್ತು. ರಿಯಾಯಿತಿ ಎಂದರೆ ರಿಯಾಯಿತಿಯೇ: ಕೇಳಿಸಿಕೊಳ್ಳುವವರಿಗೆ ಕನ್ನಡ ಬರಬೇಕೆಂದು ಯಾವ ಕಾಯಿದೆಯೂ ಹೇಳಿರಲಿಲ್ಲ. ಖೇರರ ಮಂತ್ರಿಮಂಡಲದಲ್ಲಿ ಕರ್ನಾಟಕ ಭಾಗಕ್ಕೆ ತಕ್ಕ ಸ್ಥಾನ ಸಿಗಲಿಲ್ಲವೆಂದು ಧಾರವಾಡ, ಹುಬ್ಬಳ್ಳಿ, ಗದಗಿನ ಕಾಂಗ್ರೆಸ್ಸಿಗರೇ ಗೊಣಗಿದರು. ಬೇರೆ ಪ್ರಾಂತ ಬೇಕೆಂಬ ಮಾತಿಗೆ ಆ ಅಸಮಾಧಾನ ಚೆನ್ನಾಗಿ ಗಾಳಿ ಹಾಕಿತು.

ಅದೇ ಹೊತ್ತಿಗೆ ಲಕ್ಷ್ಮೇಶ್ವರ, ಶಿರಹಟ್ಟಿಯವರಿಗೆ ಗೊಣಗಲಿಕ್ಕೂ ಮುಂಬಯಿಯಲ್ಲಿ ಒಂದು ಕುರ್ಚಿ ಇರಲಿಲ್ಲ. ಅವರು ಸಂಸ್ಥಾನದ ಪ್ರಜೆಗಳು. ಮುಳಗುಂದದ ರೈತನ ಸಾಲದ ಬಗ್ಗೆ ಮುಂಬಯಿ ಸಭೆ ಕಾಯಿದೆ ಮಾಡಿದರೆ, ಪಕ್ಕದ ಲಕ್ಷ್ಮೇಶ್ವರದ ರೈತನಿಗೆ ಅದು ತಾನಾಗಿ ಮುಟ್ಟುತ್ತಿರಲಿಲ್ಲ. 1948ರ ಮಾರ್ಚ್ 8ರಂದು ದಖನಿನ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಮೇಲೆಯೇ ಈ ಅಂತರ ಹೋಯಿತು. ಶಿರಹಟ್ಟಿ ಧಾರವಾಡ ಜಿಲ್ಲೆಯ ತಾಲೂಕಾಯಿತು, ಲಕ್ಷ್ಮೇಶ್ವರ ಅದರೊಳಗೆ ಸೇರಿತು. 1952ರ ಚುನಾವಣೆಯಲ್ಲಿ ಈ ನಾಲ್ಕೂ ಊರಿನ ಹೆಣ್ಣು-ಗಂಡುಗಳು ಮೊದಲ ಸಲ ಒಂದೇ ಶಾಸನಸಭೆಗೆ, ಒಂದೇ ಹಕ್ಕಿನಿಂದ ಮತ ಹಾಕಿದರು. ಆ ಸಭೆ ಮುಂಬಯಿಯಲ್ಲಿತ್ತು ಎನ್ನುವುದೊಂದೇ ಕೊರತೆ.

ಆ ಕೊರತೆಯನ್ನು ಸದನದ ಒಳಗೂ ಹೊರಗೂ ಹಟ ಹಿಡಿದು ಹೇಳಿದವರು ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿ. ಜಕ್ಕಲಿ ರೋಣ ತಾಲೂಕಿನ ಊರು, ಗದಗಿಗೆ ದೂರವೇನಲ್ಲ. 1908ರಲ್ಲಿ ಹುಟ್ಟಿದ ಈ ಸ್ವಾತಂತ್ರ್ಯ ಹೋರಾಟಗಾರ ಗಾಂಧಿ ಕಾಲದ ಖಾದಿಯವರು. ಆದರೆ ಅವರ ದೇವರು ಭುವನೇಶ್ವರಿ. ಕಲಾವಿದ ಸಿ. ಎನ್. ಪಾಟೀಲರಿಂದ ಬರೆಸಿದ ಭುವನೇಶ್ವರಿಯ ದೊಡ್ಡ ಚಿತ್ರ ಜಕ್ಕಲಿಯ ಅವರ ಮನೆತನದ ಹೆಸರಿನೊಡನೆ ಇವತ್ತಿಗೂ ಅಂಟಿಕೊಂಡಿದೆ. ನಮ್ಮ ಕಚೇರಿಗಳ, ಶಾಲೆಗಳ ರಾಜ್ಯೋತ್ಸವದ ವೇದಿಕೆಯಲ್ಲಿ ಹಾರ ಹಾಕಿಸಿಕೊಳ್ಳುವ ತಾಯಿಯ ರೂಪಗಳಿಗೆಲ್ಲ ಹಿರಿಯಳಂತಿರುವವಳು ಆ ಜಕ್ಕಲಿಯ ತಾಯಿ. ರಾಜಕಾರಣಿಯೊಬ್ಬ ನಾಡಿನ ನಕಾಶೆಗಿಂತ ಮೊದಲು ನಾಡಿನ ಮುಖ ಬರೆಸಿದ್ದು ನನಗೆ ಯಾವಾಗಲೂ ಕುತೂಹಲದ ಸಂಗತಿ. ಮುಂಬಯಿಯ ಸಭೆಯಲ್ಲಿ ಜಿಲ್ಲೆ, ತಾಲೂಕು, ಕಂದಾಯದ ಲೆಕ್ಕದಲ್ಲಿ ವಾದಿಸಬೇಕಾದವರು ಊರಿಗೆ ಬಂದಾಗ ಬೇರೆ ಭಾಷೆಯಲ್ಲಿ ಮಾತಾಡಬೇಕೆಂದು ಅವರಿಗೆ ಗೊತ್ತಿತ್ತು.

1952ರ ಡಿಸೆಂಬರ್ 15ರಂದು ಆಂಧ್ರಕ್ಕಾಗಿ ಉಪವಾಸ ಕೂತಿದ್ದ ಪೊಟ್ಟಿ ಶ್ರೀರಾಮುಲು ತೀರಿಕೊಂಡರು. ನಾಲ್ಕೇ ದಿನಕ್ಕೆ ನೆಹರೂ ಆಂಧ್ರ ರಾಜ್ಯ ಘೋಷಿಸಿದರು. ಧಾರವಾಡ ಜಿಲ್ಲೆ ಇದನ್ನು ಕಂಡು ಸುಮ್ಮನೆ ಕೂರಲಿಲ್ಲ. 1953ರಲ್ಲಿ ದೊಡ್ಡಮೇಟಿಯವರು ಮುಂಬಯಿ ಸಭೆಯಿಂದ ಹೊರಬಂದು ಜಕ್ಕಲಿಯಲ್ಲಿ ಉಪವಾಸ ಕೂತರು. ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರು ಕೂತರು. ಏಪ್ರಿಲ್ 19ರಂದು ಹುಬ್ಬಳ್ಳಿಯಲ್ಲಿ ಪ್ರದೇಶ ಕಾಂಗ್ರೆಸ್ಸಿನ ಸಭೆ ಕೂಡಿದಾಗ ಜನ ರೊಚ್ಚಿಗೆದ್ದು ಬೀದಿಗಿಳಿದರು. ಆ ವರ್ಷದ ಕೊನೆಗೆ ರಾಜ್ಯ ಪುನರ್ವಿಂಗಡಣಾ ಆಯೋಗ ಬಂತು.

ಫಜಲ್ ಅಲಿ, ಹೃದಯನಾಥ ಕುಂಜ್ರು, ಸರ್ದಾರ್ ಪಣಿಕ್ಕರ್ ಮೂವರೂ ಸೇರಿ 1955ರ ಸೆಪ್ಟೆಂಬರ್ 30ರಂದು ವರದಿ ಕೊಟ್ಟರು. ಹಲವರು ಮರೆತ ಒಂದು ಸಂಗತಿ ಅದರಲ್ಲಿದೆ. ಆಯೋಗ ತಾನು ಸೂಚಿಸಿದ ಕನ್ನಡ ರಾಜ್ಯಕ್ಕೆ ಕರ್ನಾಟಕ ಎಂದೇ ಹೆಸರಿಟ್ಟಿತ್ತು. ಅಂದರೆ ಹೆಸರು ಕೊಡಲು ದಿಲ್ಲಿಯ ಪಂಡಿತರು ಹಿಂದೆ ಮುಂದೆ ನೋಡಲಿಲ್ಲ.

ಆ ವರದಿಯ ಮೇಲೆ ಮುಂಬಯಿಯಲ್ಲಿ ಚರ್ಚೆ ನಡೆಯಬೇಕಿದ್ದ ದಿನ 1955ರ ನವೆಂಬರ್ 21. ಸಭಾಭವನದ ಕಡೆ ಹೊರಟ ಮರಾಠಿ ಕಾರ್ಮಿಕರ ಮೆರವಣಿಗೆಯ ಮೇಲೆ ಫ್ಲೋರಾ ಫೌಂಟನ್ ಹತ್ತಿರ ಪೊಲೀಸರು ಗುಂಡು ಹಾರಿಸಿದರು. ಹದಿನೈದು ಜನ ಸತ್ತರು. ಮುಂಬಯಿ ನಗರ ಯಾರಿಗೆ ಎನ್ನುವ ಜಗಳ ಅದು. ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ ಒಂದು ಕಡೆ, ಮಹಾರಾಷ್ಟ್ರದ ಬೀದಿ ಇನ್ನೊಂದು ಕಡೆ. ಧಾರವಾಡ, ಬಿಜಾಪುರದ ಸದಸ್ಯರಿಗೆ ಆ ಜಗಳದಲ್ಲಿ ಪಾತ್ರವಿರಲಿಲ್ಲ. ಅವರ ಜಿಲ್ಲೆಗಳು ಹೊರಡುವುದು ಹೆಚ್ಚು ಕಡಿಮೆ ಗೊತ್ತಾಗಿತ್ತು. ಬೆಳಗಾವಿಯ ಗಡಿಯೊಂದು ಬಿಟ್ಟರೆ ತಕರಾರು ಕಡಿಮೆ. ತಲೆಮಾರುಗಳಿಂದ ಜೊತೆಗಿದ್ದ ಮನೆಯಲ್ಲಿ ಉಳಿದ ಅಣ್ಣತಮ್ಮಂದಿರು ಬಡಿದಾಡುತ್ತಿರುವಾಗ, ಗಂಟುಮೂಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತವರಂತೆ ಅವರು ಕಾದರು.

1956ರ ನವೆಂಬರ್ 1ರಂದು ಹೊಸ ರಾಜ್ಯ ಹುಟ್ಟಿತು. ಬೆಂಗಳೂರಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಉದ್ಘಾಟಿಸಿದರು. ಜಯಚಾಮರಾಜ ಒಡೆಯರು ರಾಜ್ಯಪಾಲರು, ನಿಜಲಿಂಗಪ್ಪನವರು ಮುಖ್ಯಮಂತ್ರಿ. ಹೆಸರು ಮಾತ್ರ ಮೈಸೂರು. ಆಯೋಗ ಬರೆದದ್ದು ಕಾಯಿದೆಯಲ್ಲಿ ಉಳಿಯಲಿಲ್ಲ. ಹಳೆ ಮೈಸೂರಿನಲ್ಲಿ ಏಕೀಕರಣಕ್ಕೇ ವಿರೋಧವಿತ್ತು. ನಮ್ಮ ಕಾಸಿನಲ್ಲಿ ಬಡ ಜಿಲ್ಲೆಗಳನ್ನು ಸಾಕಬೇಕೆ ಎಂಬ ಮಾತು ಅಲ್ಲಿ ಬಾಯಿಬಿಟ್ಟೇ ಆಡುತ್ತಿದ್ದರು. ಆ ವಿರೋಧವನ್ನು ಮೈಸೂರಿನ ಮುಖ್ಯಮಂತ್ರಿಯಾಗಿದ್ದ ಕೆಂಗಲ್ ಹನುಮಂತಯ್ಯನವರು ದಾಟಿ ಬಂದಿದ್ದೇ ದೊಡ್ಡದು. ಹೆಸರನ್ನೂ ಕೇಳಿ ಗಾಯಕ್ಕೆ ಉಪ್ಪು ಸವರುವುದು ಯಾರಿಗೂ ಬೇಡವಾಗಿತ್ತು. ಇದು ರಾಜಕೀಯದ ಜಾಣತನ. ಅದಕ್ಕೆ ಬೆಲೆ ತೆತ್ತವರು ಮಾತ್ರ ಉತ್ತರದವರು.

ಡಿಸೆಂಬರ್ 19ರಂದು ಹೊಸದಾಗಿ ಕಟ್ಟಿದ ವಿಧಾನಸೌಧದಲ್ಲಿ ವಿಶಾಲ ರಾಜ್ಯದ ವಿಧಾನಸಭೆ ಮೊದಲ ಸಲ ಕೂಡಿತು. 1881ರಲ್ಲಿ ದಿವಾನ್ ರಂಗಾಚಾರ್ಲು ಶುರುಮಾಡಿದ ಪ್ರಜಾಪ್ರತಿನಿಧಿ ಸಭೆಯ ಹೆಮ್ಮೆ ಹೊತ್ತ ಮೈಸೂರಿನವರು ಒಂದು ಕಡೆ. ಮಾವಳಂಕರರ ಕೈಕೆಳಗೆ ಪಳಗಿದ ಮುಂಬಯಿ ಸಭೆಯ ರೀತಿ ರಿವಾಜು ಕಲಿತವರು ಇನ್ನೊಂದು ಕಡೆ. ಹೈದರಾಬಾದು, ಮದರಾಸು, ಕೊಡಗಿನಿಂದ ಬಂದವರು ನಡುವೆ. ಮುಂಬಯಿಯವರು ಬರಿಗೈಲಿ ಬಂದಿರಲಿಲ್ಲ. ಅಲ್ಲಿ ಉಪಸಭಾಪತಿಯಾಗಿದ್ದ ಎಸ್. ಆರ್. ಕಂಠಿಯವರನ್ನು ಹೊಸ ಸದನ ಸಭಾಧ್ಯಕ್ಷರ ಪೀಠದಲ್ಲಿ ಕೂರಿಸಿತು. 1957ರ ಚುನಾವಣೆಯಲ್ಲಿ ಶಿರಹಟ್ಟಿ ಕ್ಷೇತ್ರದಿಂದ ಗೆದ್ದು ಬಂದವರು ಮಹಿಳೆ, ಲೀಲಾವತಿ ವೆಂಕಟೇಶ ಮಾಗಡಿ. ಹತ್ತು ವರ್ಷದ ಹಿಂದೆ ಸಾಂಗಲಿ ದೊರೆಯ ಅಪ್ಪಣೆಯಲ್ಲಿದ್ದ ಊರು, ಈಗ ಹೆಣ್ಣುಮಗಳೊಬ್ಬಳನ್ನು ಶಾಸಕಿಯಾಗಿ ಕಳಿಸಿತ್ತು. ಏಕೀಕರಣದ ಇತಿಹಾಸ ಬರೆಯುವವರು ಈ ಸಂಗತಿಗೆ ಒಂದು ಸಾಲು ಕೊಟ್ಟದ್ದು ಅಪರೂಪ. ಕೊಡಬೇಕಿತ್ತು.

ದೊಡ್ಡಮೇಟಿಯವರು ಕಾಯಲಿಲ್ಲ. 1957ರಲ್ಲೇ ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಬೇಕೆಂದು ಸದನದಲ್ಲಿ ಮಾತೆತ್ತಿದರು. ಅದು ದಡ ಸೇರಲಿಲ್ಲ. ಸದನದ ಲೆಕ್ಕ ಬಲ್ಲವರಿಗೆ ಇದು ಆಶ್ಚರ್ಯವಲ್ಲ. ಸರಕಾರವೇ ಮಂಡಿಸುವ ನಿರ್ಣಯದ ಹಣೆಬರಹ ಬೇರೆ, ಒಬ್ಬ ಸದಸ್ಯ ತರುವ ನಿರ್ಣಯದ ಹಣೆಬರಹ ಬೇರೆ. ಎರಡನೆಯದಕ್ಕೆ ಸಿಗುವುದು ಕೆಲವು ಗಂಟೆಗಳ ಚರ್ಚೆ, ಮಂತ್ರಿಯ ಸಮಾಧಾನದ ಮಾತು, ಹೆಚ್ಚಿನ ಸಲ ವಾಪಸು ತೆಗೆದುಕೊಳ್ಳಿ ಎಂಬ ಕೋರಿಕೆ. ಮೈಸೂರಿನ ಹೆಸರಿನ ಪರ ಇದ್ದವರ ವಾದವೂ ಹಗುರವಾಗಿರಲಿಲ್ಲ. ರೇಷ್ಮೆಗೆ, ಗಂಧದ ಸಾಬೂನಿಗೆ, ದಸರೆಗೆ ಲೋಕದಲ್ಲಿ ಇರುವ ಹೆಸರು ಮೈಸೂರು. ಅದನ್ನು ಕೈಯಾರೆ ಬಿಡುವುದೇಕೆ? ಈ ಕಡೆಯವರ ಉತ್ತರ: ಸಾಬೂನಿನ ಹೆಸರು ಸಾಬೂನಿಗಿರಲಿ, ನಾಡಿಗೆ ನಾಡಿನ ಹೆಸರು ಬೇಡವೆ? ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಭಾರತ ಬರೆದ ಕುಮಾರವ್ಯಾಸ ಅದಕ್ಕಿಟ್ಟ ಹೆಸರೇ ‘ಕರ್ಣಾಟ ಭಾರತ ಕಥಾಮಂಜರಿ’ ಎಂಬುದನ್ನು ಇಲ್ಲಿಯವರು ಮರೆಯುವ ಹಾಗೇ ಇರಲಿಲ್ಲ.

ವಿಚಿತ್ರವೆಂದರೆ ಏಕೀಕರಣಕ್ಕೆ ದುಡಿದ ನಿಜಲಿಂಗಪ್ಪನವರು ಎರಡು ಸಲ, ಅದೂ ವರ್ಷಗಟ್ಟಲೆ, ಮುಖ್ಯಮಂತ್ರಿಯಾಗಿದ್ದರೂ ಹೆಸರು ಬದಲಾಗಲಿಲ್ಲ. ಅವರ ಕೈ ಕಟ್ಟಿದ್ದು ಹಳೆ ಮೈಸೂರಿನ ಮನಸ್ಸು ಎಂದರೆ ಅರ್ಧ ಸತ್ಯ. ಇನ್ನರ್ಧ, ಅವರ ಪಕ್ಷದೊಳಗಿನ ಸಮತೋಲನ. ಈ ನಡುವೆ ಪಕ್ಕದ ಮದರಾಸು ಮುಂದೆ ಹೋಯಿತು. ಅಣ್ಣಾದುರೈ ಮುಖ್ಯಮಂತ್ರಿಯಾಗಿದ್ದಾಗ 1967ರ ಜುಲೈ 18ರಂದು ಅಲ್ಲಿನ ಸಭೆ ತಮಿಳುನಾಡು ಎಂಬ ಹೆಸರಿಗೆ ಒಪ್ಪಿತು. 1969ರ ಜನವರಿಯಲ್ಲಿ ಹೆಸರು ಜಾರಿಗೆ ಬಂತು. ಅದೇ ದಾರಿ ಇಲ್ಲಿಗೂ ತೆರೆದಿತ್ತು.

1971ರಲ್ಲಿ ವೀರೇಂದ್ರ ಪಾಟೀಲರ ಸರಕಾರ ಬಿತ್ತು, ಒಂದು ವರ್ಷ ರಾಷ್ಟ್ರಪತಿ ಆಳ್ವಿಕೆ ನಡೆಯಿತು. 1972ರ ಚುನಾವಣೆಯಲ್ಲಿ 216 ಸ್ಥಾನಗಳಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ಸು 165 ಗೆದ್ದಿತು. ಮಾರ್ಚ್ 20ರಂದು ದೇವರಾಜ ಅರಸು ಮುಖ್ಯಮಂತ್ರಿಯಾದರು. ಹುಣಸೂರಿನವರು, ಮೈಸೂರು ಸೀಮೆಯ ಮಣ್ಣಿನವರು, ಹೆಸರಿನಲ್ಲೇ ಅರಸು. ಮೈಸೂರು ಎಂಬ ಹೆಸರನ್ನು ಬಿಡಲು ಮೈಸೂರಿನವನೇ ಮುಂದಾಗಬೇಕಾಯಿತು. ಧಾರವಾಡದವನೊಬ್ಬ ಇದೇ ನಿರ್ಣಯ ತಂದಿದ್ದರೆ ದಕ್ಷಿಣದಲ್ಲಿ ಅದು ಸೋಲಿನಂತೆ ಕಾಣುತ್ತಿತ್ತು. ಅರಸು ತಂದದ್ದರಿಂದ ಕೊಡುಗೆಯಂತೆ ಕಂಡಿತು. ನನ್ನ ಮಟ್ಟಿಗೆ ಆ ದಿನದ ರಾಜಕೀಯದ ಗುಟ್ಟು ಇಷ್ಟೇ.

ಸಭಾಧ್ಯಕ್ಷರ ಸ್ಥಾನದಲ್ಲಿ ಕೆ. ಎಸ್. ನಾಗರತ್ನಮ್ಮ ಇದ್ದರು. ಆ ಪೀಠಕ್ಕೇರಿದ ಮೊದಲ ಮಹಿಳೆ, ಆಯ್ಕೆಯಾಗಿ ನಾಲ್ಕೇ ತಿಂಗಳು. ಆಡಳಿತ ಪಕ್ಷದ ಸಾಲಿನಲ್ಲಿ ಗದಗಿನ ಕೆ. ಎಚ್. ಪಾಟೀಲರು. ಹುಲಕೋಟಿಯವರು, ‘ಹುಲಕೋಟಿಯ ಹುಲಿ’ ಎಂದೇ ಊರವರ ಬಾಯಲ್ಲಿ. 1967ರಲ್ಲಿ ಪಕ್ಷೇತರರಾಗಿ ಗೆದ್ದು ಬಂದಿದ್ದವರು, ಈಗ ಕಾಂಗ್ರೆಸ್ಸಿನವರು.

ಗೊತ್ತುವಳಿಯಿಂದಲೇ ಹೆಸರು ಬದಲಾಯಿತು ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಸಂವಿಧಾನದ 3ನೆಯ ವಿಧಿಯಂತೆ ರಾಜ್ಯದ ಹೆಸರು ಬದಲಿಸುವ ಅಧಿಕಾರ ಸಂಸತ್ತಿನದು. ವಿಧಾನಸಭೆ ಮಾಡಬಹುದಾದದ್ದು ವಿನಂತಿ. ಆಮೇಲೆ ಕೇಂದ್ರ ಮಸೂದೆ ತಯಾರಿಸಬೇಕು, ರಾಷ್ಟ್ರಪತಿ ಅದನ್ನು ಅಭಿಪ್ರಾಯಕ್ಕೆ ರಾಜ್ಯದ ಶಾಸಕಾಂಗಕ್ಕೆ ಕಳಿಸಬೇಕು, ನಂತರ ಲೋಕಸಭೆ, ರಾಜ್ಯಸಭೆ. ಈ ಸುತ್ತು ಮುಗಿಯಲು ಒಂದು ವರ್ಷದ ಮೇಲೆ ಹಿಡಿಯಿತು. 1973ರ 31ನೆಯ ಕಾಯಿದೆ ಬಂತು, ನವೆಂಬರ್ 1ರಿಂದ ಕರ್ನಾಟಕ. ಅದೇ ನವೆಂಬರ್ 1ರಂದು ಅರಬ್ಬಿ ಸಮುದ್ರದ ಲಕ್ಕದೀವ್ ದ್ವೀಪಗಳಿಗೂ ಲಕ್ಷದ್ವೀಪ ಎಂದು ಹೊಸ ಹೆಸರು ಬಂತು. ನಮ್ಮ ಸಂಭ್ರಮದ ಗದ್ದಲದಲ್ಲಿ ಆ ಸಣ್ಣ ಸುದ್ದಿ ಮುಚ್ಚಿಹೋಯಿತು. ಪಂಚಾಂಗ ನೋಡುವ ಚಟವಿದ್ದವರಿಗೆ ಇನ್ನೊಂದು: ರಾಜ್ಯ ಹುಟ್ಟಿದ 1956ರ ನವೆಂಬರ್ 1 ಗುರುವಾರ, ಗೊತ್ತುವಳಿಯ ದಿನ ಗುರುವಾರ, ಹೆಸರು ಬಂದ ದಿನವೂ ಗುರುವಾರ.

ಗೊತ್ತುವಳಿಯ ವರ್ಷದ ಮಳೆಗಾಲ ಚೆನ್ನಾಗಿರಲಿಲ್ಲ ಎನ್ನುವುದನ್ನೂ ಹೇಳಬೇಕು. 1972ರಲ್ಲಿ ಉತ್ತರ ಕರ್ನಾಟಕದಲ್ಲೂ ಪಕ್ಕದ ಮಹಾರಾಷ್ಟ್ರದಲ್ಲೂ ಭೀಕರ ಬರ. ಮುಂಡರಗಿ, ಶಿರಹಟ್ಟಿಯ ಎರೆಹೊಲದವರು ಜುಲೈ ಕೊನೆಗೆ ಮುಗಿಲು ನೋಡುತ್ತಿದ್ದರೇ ಹೊರತು ವಿಧಾನಸೌಧದ ಕಡೆಗಲ್ಲ. ಹೆಸರಿನಿಂದ ಹೊಟ್ಟೆ ತುಂಬುತ್ತದೆಯೇ ಎಂದು ಕೇಳಿದವರು ಇದ್ದರೆ ಅವರ ಪ್ರಶ್ನೆಯೂ ಆ ಕಲಾಪದ ಭಾಗವೇ. ಸದನ ಎರಡಕ್ಕೂ ಉತ್ತರ ಹೇಳಬೇಕಾದ ಜಾಗ.

ಮತ್ತೆ ಆ ದಿನ ಇರಬೇಕಾಗಿದ್ದು ಇಲ್ಲದೇ ಹೋದವರು. ‘ಕರ್ನಾಟಕ ಗತವೈಭವ’ದ ಆಲೂರ ವೆಂಕಟರಾಯರು 1964ರಲ್ಲೇ ಹೋಗಿದ್ದರು. ಗದಗಿನಲ್ಲಿ ವಕೀಲಿ ಮಾಡುತ್ತ, 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಮೊಳಗಿದ ನಾಡಗೀತೆ ಬರೆದ ಹುಯಿಲಗೋಳ ನಾರಾಯಣರಾಯರು ತೀರಿಕೊಂಡದ್ದು 1971ರ ಜುಲೈನಲ್ಲಿ, ಗೊತ್ತುವಳಿಗೆ ಒಂದು ವರ್ಷ ಮೊದಲು. ದೊಡ್ಡಮೇಟಿಯವರು ಇನ್ನೂ ಹತ್ತಿರ ಬಂದಿದ್ದರು: ಅವರು ಹೋದದ್ದು ಅದೇ 1972ರಲ್ಲಿ, ಗೊತ್ತುವಳಿಗೆ ಕೆಲವೇ ತಿಂಗಳು ಮುಂಚೆ. ಹದಿನೈದು ವರ್ಷ ಹಿಂದೆ ಅವರು ಎತ್ತಿದ ಮಾತನ್ನು ಸರಕಾರವೇ ತನ್ನದೆಂದು ಮಂಡಿಸಿದಾಗ ಜಕ್ಕಲಿಯವರ ಕುರ್ಚಿಯಲ್ಲಿ ಅವರಿರಲಿಲ್ಲ.

ಹೆಸರು ಬಂದ ಮೇಲಿನ ಸಂಭ್ರಮ ಬೆಂಗಳೂರಿನಲ್ಲಷ್ಟೇ ಮುಗಿಯಲಿಲ್ಲ. 1973ರ ನವೆಂಬರ್ 3ರಂದು ದೇವರಾಜ ಅರಸು ಗದಗಿಗೇ ಬಂದರು, ಕೆ. ಎಚ್. ಪಾಟೀಲರ ಊರಿಗೆ. ಸಮಾರಂಭಕ್ಕೆ ಹಂಪಿಯ ಜೊತೆಗೆ ಗದಗನ್ನು ಆರಿಸಿದ್ದು ಕಾಕತಾಳೀಯವಲ್ಲ. ಒಂದು ಹಳೆಯ ಸಾಮ್ರಾಜ್ಯದ ರಾಜಧಾನಿ, ಇನ್ನೊಂದು ಏಕೀಕರಣಕ್ಕೆ ಬೆವರು ಸುರಿಸಿದ ಸೀಮೆಯ ಪೇಟೆ. ಐವತ್ತು ವರ್ಷದ ನಂತರ, 2023ರ ನವೆಂಬರ್ 3ರಂದು, ಸಿದ್ದರಾಮಯ್ಯನವರ ಸರಕಾರ ಅದೇ ದಿನ ನೋಡಿ ಗದಗಿನಲ್ಲಿ ಕರ್ನಾಟಕ ಸಂಭ್ರಮ ನಡೆಸಿತು. ಆಗ ಕಾನೂನು ಮತ್ತು ಸಂಸದೀಯ ವ್ಯವಹಾರಗಳ ಸಚಿವರಾಗಿದ್ದವರು ಕೆ. ಎಚ್. ಪಾಟೀಲರ ಮಗ ಎಚ್. ಕೆ. ಪಾಟೀಲರು.

ಅಷ್ಟರಲ್ಲಿ ಇಲ್ಲಿಯ ನಕಾಶೆ ಇನ್ನೂ ಎರಡು ಸಲ ಬದಲಾಗಿತ್ತು. 1997ರ ಆಗಸ್ಟ್ 24ರಂದು, ಜೆ. ಎಚ್. ಪಟೇಲರ ಕಾಲದಲ್ಲಿ, ಧಾರವಾಡದಿಂದ ಒಡೆದು ಗದಗ ಜಿಲ್ಲೆಯಾಯಿತು. ಮುಂಡರಗಿ, ಶಿರಹಟ್ಟಿ, ರೋಣ, ನರಗುಂದ ಅದರ ತಾಲೂಕುಗಳು. ಲಕ್ಷ್ಮೇಶ್ವರ ಮಾತ್ರ ಶಿರಹಟ್ಟಿ ತಾಲೂಕಿನೊಳಗೇ ಉಳಿದು, ತನ್ನದೇ ತಾಲೂಕು ಕಚೇರಿ ಕಂಡದ್ದು 2018ರಲ್ಲಿ. ಇವಕ್ಕೆ ಯಾವ ಸಂಸತ್ತಿನ ಕಾಯಿದೆಯೂ ಬೇಕಾಗಲಿಲ್ಲ. ಜಿಲ್ಲೆ, ತಾಲೂಕು ಮಾಡಲು ಭೂಕಂದಾಯ ಕಾಯಿದೆಯಡಿ ಸರಕಾರದ ಒಂದು ಅಧಿಸೂಚನೆ ಸಾಕು.